‘ಹಕ್ಕಿದೆ’ ಎನ್ನುವವರು, ‘ಹಕ್ಕು ಕೊಟ್ಟಿದೆ’ ಎನ್ನುವವರು

ವಿದ್ಯಾರ್ಥಿಗಳಿಗೆಂದು ಸಿದ್ಧವಾಗುತ್ತಿದ್ದ ರಾಜಕೀಯ ಚಿಂತನೆಯ ಚಿಕ್ಕ ಕೈಪಿಡಿಯೊಂದರ ಕರಡು ತಿದ್ದುವ ಕೆಲಸ ನನಗೂ ನನ್ನ ಹಿರಿಯ ಸ್ನೇಹಿತರೊಬ್ಬರಿಗೂ ಬಂದಿತ್ತು. ಮೂರನೆಯ ಪುಟದಲ್ಲೇ ‘ಸರ್ಕಾರವು ತನ್ನ ಪ್ರಜೆಗಳಿಗೆ ಕೆಲವು ಮೂಲಭೂತ ಹಕ್ಕುಗಳನ್ನು ಕೊಡುತ್ತದೆ’ ಎಂಬ ವಾಕ್ಯವಿತ್ತು. ನಾನು ಅದನ್ನು ಹೊಡೆದುಹಾಕಿ, ‘ಪ್ರಜೆಗಳಿಗೆ ಕೆಲವು ಮೂಲಭೂತ ಹಕ್ಕುಗಳಿವೆ, ಸರ್ಕಾರ ಅವುಗಳನ್ನು ಕಾಪಾಡಬೇಕು’ ಎಂದು ಬರೆದೆ. ಎರಡು ದಿನಗಳ ನಂತರ ಕರಡು ಮರಳಿ ಬಂದಾಗ ನನ್ನ ತಿದ್ದುಪಡಿಯ ಮೇಲೊಂದು ಗೆರೆ ಬಿದ್ದಿತ್ತು. ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಎಲ್ಲಿವೆ? ತೋರಿಸಿ.’

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಆದರೆ ಬಿಟ್ಟುಕೊಡಲು ಮನಸ್ಸೂ ಬರಲಿಲ್ಲ. ಆ ವಾರವೆಲ್ಲ ನಾನು ಯೋಚಿಸಿದ್ದು ಕ್ರಿಯಾಪದಗಳ ಬಗ್ಗೆ. ಕನ್ನಡದಲ್ಲಿ ‘ನನಗೆ ಹಕ್ಕಿದೆ’ ಎನ್ನುವುದೂ ‘ನನಗೆ ಹಸಿವಿದೆ’ ಎನ್ನುವುದೂ ಒಂದೇ ವ್ಯಾಕರಣ. ಹಸಿವನ್ನು ಯಾರೂ ಕೊಡಬೇಕಾಗಿಲ್ಲ, ಯಾರ ಅಪ್ಪಣೆಯೂ ಅದಕ್ಕೆ ಬೇಡ, ಅದು ಇದೆ ಅಷ್ಟೆ. ‘ನನಗೆ ಹಕ್ಕು ಕೊಟ್ಟಿದ್ದಾರೆ’ ಎಂದ ಕೂಡಲೇ ಮಾತಿನ ಜಾತಿಯೇ ಬದಲಾಗುತ್ತದೆ. ಕೊಟ್ಟವರೊಬ್ಬರು ಬಂದು ನಿಲ್ಲುತ್ತಾರೆ, ಕೊಟ್ಟವರು ಹಿಂದಕ್ಕೆ ಪಡೆಯಬಹುದಲ್ಲವೇ ಎಂಬ ಅನುಮಾನವೂ ಅವರ ಬೆನ್ನಿಗೇ ಬರುತ್ತದೆ. ಇನ್ನು ನಾವು ಬಳಸುವ ‘ನಿಸರ್ಗದತ್ತ ಹಕ್ಕು’ ಎಂಬ ಪದವಂತೂ ಎರಡು ದೋಣಿಗಳ ಮೇಲೆ ಕಾಲಿಟ್ಟಿದೆ: ಸರ್ಕಾರ ಕೊಟ್ಟದ್ದಲ್ಲ ಎಂದು ಹೇಳಲು ಹೊರಟು ‘ದತ್ತ’ ಎಂದು ಕೊಡುವವರನ್ನೇ ಕರೆತರುತ್ತದೆ, ಮತ್ತು ಆ ಕೊಡುಗೈಯನ್ನು ನಿಸರ್ಗದ ಹೆಗಲಿಗೆ ಅಂಟಿಸುತ್ತದೆ.

ತೆರಿಗೆ, ಮತದಾನ, ಆಸ್ತಿ, ಅಭಿವ್ಯಕ್ತಿ ಎಂದು ನಾವು ದಿನವೂ ಜಗಳವಾಡುವ ವಿಷಯಗಳಲ್ಲಿ ಬಹುಪಾಲು ಈ ಎರಡು ಕ್ರಿಯಾಪದಗಳ ನಡುವಿನ ಜಗಳವೇ ಎಂದು ನನಗೆ ಅನ್ನಿಸತೊಡಗಿದ್ದು ಆಗ. ಹಕ್ಕು ಮೊದಲೋ ಆಳ್ವಿಕೆ ಮೊದಲೋ? ಎದುರಾಳಿಯ ಉತ್ತರ ಮೂರ್ಖತನವೆಂದು ಎರಡೂ ಕಡೆಯವರು ಭಾವಿಸುವುದು ಸಾಮಾನ್ಯ. ಆದರೆ ಈ ಉತ್ತರಗಳು ಹುಟ್ಟಿದ ಸಂದರ್ಭಗಳನ್ನು ಹತ್ತಿರದಿಂದ ನೋಡಿದರೆ, ಅವುಗಳನ್ನು ಕೊಟ್ಟವರು ಯಾರಿಗೆ ಹೆದರಿದ್ದರು ಎಂಬುದು ಕಾಣುತ್ತದೆ. ಹೆದರಿಕೆ ತಿಳಿದ ಮೇಲೆ ಉತ್ತರವನ್ನು ತಳ್ಳಿಹಾಕುವುದು ಕಷ್ಟವಾಗುತ್ತದೆ.

ನನ್ನ ವಾಕ್ಯದಲ್ಲಿ ಇನ್ನೊಂದು ಪದವಿತ್ತು, ಅದನ್ನು ನಾವಿಬ್ಬರೂ ತಿದ್ದಿರಲಿಲ್ಲ: ಪ್ರಜೆ. ಸಂಸ್ಕೃತದಲ್ಲಿ ಪ್ರಜಾ ಎಂದರೆ ಮೊದಲಿಗೆ ಸಂತಾನ, ಮಕ್ಕಳುಮರಿ. ಅರಸನ ಕೈಕೆಳಗಿನವರು ಎಂಬ ಅರ್ಥ ಆ ಅರ್ಥದ ನೆರಳಿನಲ್ಲೇ ಬೆಳೆದದ್ದು. ಅರಸ ತಂದೆ, ನಾಡವರು ಮಕ್ಕಳು ಎಂಬ ಈ ಹೋಲಿಕೆ ನಮ್ಮಲ್ಲಿ ಒಂದು ಪದದೊಳಗೆ ಸದ್ದಿಲ್ಲದೆ ಕುಳಿತಿದ್ದರೆ, ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಬಹಿರಂಗವಾದ ರಾಜಕೀಯ ಸಿದ್ಧಾಂತವೇ ಆಗಿತ್ತು. ಸರ್ ರಾಬರ್ಟ್ ಫಿಲ್ಮರ್ ಎಂಬಾತ ಬರೆದು, ಅವನು ತೀರಿಕೊಂಡ ಎಷ್ಟೋ ವರ್ಷಗಳ ನಂತರ 1680ರಲ್ಲಿ ಅಚ್ಚಾದ ‘ಪೇಟ್ರಿಯಾರ್ಕಾ’ದ ವಾದ ಸರಳ: ದೇವರು ಆದಾಮನಿಗೆ ಅವನ ಮಕ್ಕಳ ಮೇಲೆ ಅಧಿಕಾರ ಕೊಟ್ಟ, ಆ ಪಿತೃತ್ವವೇ ವಂಶಪಾರಂಪರ್ಯವಾಗಿ ಅರಸರಿಗೆ ಬಂದಿದೆ, ಆದುದರಿಂದ ಯಾವ ಮನುಷ್ಯನೂ ಸ್ವತಂತ್ರನಾಗಿ ಹುಟ್ಟುವುದಿಲ್ಲ. ಇದನ್ನು ಓದಿ ನಗುವುದು ಸುಲಭ. ಆದರೆ ಒಂದು ಮಾತಿನಲ್ಲಿ ಫಿಲ್ಮರ್ ಅವನ ವಿರೋಧಿಗಳಿಗಿಂತ ನಿಜಕ್ಕೆ ಹತ್ತಿರದಲ್ಲಿದ್ದ. ನಾವು ಯಾರೂ ಕಾಡಿನಲ್ಲಿ ಒಂಟಿಯಾಗಿ, ಪೂರ್ಣವಯಸ್ಕರಾಗಿ, ಒಪ್ಪಂದಕ್ಕೆ ಸಹಿ ಹಾಕುವಷ್ಟು ಬುದ್ಧಿ ಬಲಿತವರಾಗಿ ಹುಟ್ಟುವುದಿಲ್ಲ. ಯಾರದೋ ಕೈಯಲ್ಲಿ, ಯಾರದೋ ಮನೆಯಲ್ಲಿ ಅಳುತ್ತಾ ಹುಟ್ಟುತ್ತೇವೆ.

ಈ ಸಿದ್ಧಾಂತವನ್ನು ಅಲ್ಲಗಳೆಯುವುದರ ಬೆಲೆ ಏನಿತ್ತು ಎಂಬುದನ್ನು ತಿಳಿಯಲು 1683ರ ಒಂದೇ ವರ್ಷ ಸಾಕು. ಆ ವರ್ಷದ ಜುಲೈ 21ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ‘ಅಪಾಯಕಾರಿ ಅಭಿಪ್ರಾಯ’ಗಳ ಪಟ್ಟಿಯೊಂದನ್ನು ಹೊರಡಿಸಿತು. ಪಟ್ಟಿಯ ಮೊದಲ ಅಂಶವೇ ‘ಎಲ್ಲ ನಾಗರಿಕ ಅಧಿಕಾರವೂ ಮೂಲತಃ ಜನರಿಂದ ಬಂದದ್ದು’ ಎಂಬುದು. ಆ ಅಭಿಪ್ರಾಯಗಳಿದ್ದ ಪುಸ್ತಕಗಳನ್ನು ವಿಶ್ವವಿದ್ಯಾಲಯದ ಅಂಗಳದಲ್ಲಿ ಸುಡಲಾಯಿತು. ಅರಸನನ್ನು ಜನ ಕೆಳಗಿಳಿಸಬಹುದು ಎಂದವರ ಪುಸ್ತಕಗಳು ಸುಟ್ಟವು. ಅರಸನಿಗೆ ಪೂರ್ಣಾಧಿಕಾರ ಇರಬೇಕು ಎಂದ ಥಾಮಸ್ ಹಾಬ್ಸನ ಪುಸ್ತಕಗಳೂ ಅದೇ ಬೆಂಕಿಯಲ್ಲಿ ಸುಟ್ಟವು. ಪಠ್ಯಗಳಲ್ಲಿ ನಾವು ಇವರನ್ನು ಎರಡು ಧ್ರುವಗಳೆಂದು ಓದುತ್ತೇವೆ. ಬೆಂಕಿ ಹಚ್ಚಿದವರಿಗೆ ಅವರು ಒಂದೇ ಪಂಗಡವಾಗಿ ಕಂಡಿದ್ದರು, ಮತ್ತು ಅವರ ಕಣ್ಣು ತಪ್ಪಾಗಿರಲಿಲ್ಲ. ಅಧಿಕಾರ ಮೇಲಿನಿಂದ ಇಳಿದು ಬಂದದ್ದಲ್ಲ, ಮನುಷ್ಯರು ತಮ್ಮ ಅಗತ್ಯಕ್ಕೆ ಕಟ್ಟಿಕೊಂಡದ್ದು ಎಂದು ಇಬ್ಬರೂ ಹೇಳಿದ್ದರು. ಕಟ್ಟಿಕೊಂಡದ್ದಾದರೆ ಬಿಚ್ಚಲೂಬಹುದು ಎಂಬುದನ್ನು ಆ ಪಂಡಿತರು ಹಾಬ್ಸನಿಗಿಂತ ಬೇಗ ಗ್ರಹಿಸಿದರು.

ಅದೇ ವರ್ಷ ಆಲ್ಜರ್ನನ್ ಸಿಡ್ನಿ ಎಂಬ ಗಣರಾಜ್ಯವಾದಿಯನ್ನು ರಾಜನ ವಿರುದ್ಧದ ಒಳಸಂಚಿನ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಿದರು. ರಾಜದ್ರೋಹ ಸಾಬೀತಾಗಲು ಕಾನೂನಿನ ಪ್ರಕಾರ ಇಬ್ಬರು ಸಾಕ್ಷಿಗಳು ಬೇಕು, ಸಿಕ್ಕದ್ದು ಒಬ್ಬನೇ. ಆಗ ಸಿಡ್ನಿಯ ಕೊಠಡಿಯಲ್ಲಿ ದೊರೆತ ಹಸ್ತಪ್ರತಿಯ ಹಾಳೆಗಳನ್ನು ಎರಡನೆಯ ಸಾಕ್ಷಿಯೆಂದು ಪರಿಗಣಿಸಲಾಯಿತು. ಅದು ಅಚ್ಚಾಗದ, ಯಾರಿಗೂ ತೋರಿಸಿದ್ದೆಂದು ರುಜುವಾತಾಗದ, ಫಿಲ್ಮರನಿಗೆ ಉತ್ತರವಾಗಿ ಬರೆದ ಬರಹ. ಬರೆಯುವುದೂ ಒಂದು ಕೃತ್ಯವೇ ಎಂದು ನ್ಯಾಯಾಧೀಶ ಜೆಫ್ರೀಸ್ ತೀರ್ಮಾನಿಸಿದ. ಡಿಸೆಂಬರ್ 7ರಂದು ಸಿಡ್ನಿಯ ತಲೆ ಕಡಿದರು. ಫಿಲ್ಮರನಿಗೆ ಅಂಥದ್ದೇ ಉತ್ತರ ಬರೆಯುತ್ತಿದ್ದ ಇನ್ನೊಬ್ಬ, ಜಾನ್ ಲಾಕ್, ಅಷ್ಟರಲ್ಲಿ ಹಾಲೆಂಡಿಗೆ ತಪ್ಪಿಸಿಕೊಂಡು ಹೋಗಿದ್ದ. ‘ಸರ್ಕಾರ ಕುರಿತ ಎರಡು ಪ್ರಬಂಧಗಳು’ 1689ರ ಕೊನೆಯಲ್ಲಿ, ಮುಖಪುಟದಲ್ಲಿ 1690 ಎಂಬ ಇಸವಿಯೊಂದಿಗೆ, ಲೇಖಕನ ಹೆಸರಿಲ್ಲದೆ ಹೊರಬಂದವು. ಅವು ತನ್ನವೇ ಎಂದು ಲಾಕ್ ಬರಹದಲ್ಲಿ ಒಪ್ಪಿಕೊಂಡದ್ದು 1704ರಲ್ಲಿ, ಉಯಿಲಿಗೆ ಸೇರಿಸಿದ ಅನುಬಂಧದಲ್ಲಿ. ಹಕ್ಕುಗಳು ಸರ್ಕಾರಕ್ಕಿಂತ ಮೊದಲಿನವು ಎಂದು ಲಾಕ್ ಬರೆದ ಕಾಲದಲ್ಲಿ, ಸರ್ಕಾರ ಒಬ್ಬ ಮನುಷ್ಯನ ಮೇಜಿನ ಮೇಲಿನ ಕಾಗದವನ್ನೇ ಅವನ ವಿರುದ್ಧ ಸಾಕ್ಷಿ ಮಾಡಬಲ್ಲದಾಗಿತ್ತು ಎಂಬುದನ್ನು ಮರೆತರೆ ಆ ಮಾತು ಬರಿಯ ತತ್ತ್ವವಾಗಿ ಕಾಣುತ್ತದೆ.

ಹಾಬ್ಸನ ಹೆದರಿಕೆ ಬೇರೆ. 1588ರಲ್ಲಿ, ಸ್ಪೇನಿನ ನೌಕಾಪಡೆ ಬರುತ್ತಿದೆಯೆಂಬ ಸುದ್ದಿಯ ನಡುವೆ ಹುಟ್ಟಿದ ಅವನು, ತನ್ನ ತಾಯಿ ಅವಳಿಗಳನ್ನು ಹೆತ್ತಳು, ಒಂದು ನಾನು, ಇನ್ನೊಂದು ಭಯ ಎಂದು ತನ್ನ ಪದ್ಯರೂಪದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅವನಿಗೆ ಐವತ್ತು ದಾಟಿದ ಮೇಲೆ ದೇಶ ಅರಸನಿಗೂ ಸಂಸತ್ತಿಗೂ ನಡುವಿನ ಅಂತರ್ಯುದ್ಧಕ್ಕೆ ಬಿತ್ತು. 1649ರ ಜನವರಿಯಲ್ಲಿ ಅರಸನ ತಲೆಯೇ ಉರುಳಿತು. 1651ರಲ್ಲಿ ಅವನ ಪುಸ್ತಕ ‘ಲೆವಯಥನ್’ ಬಂತು. ಮನುಷ್ಯನ ಸಹಜ ಸ್ಥಿತಿ ಯುದ್ಧಸ್ಥಿತಿ ಎಂಬ ಅವನ ಮಾತು ಎಲ್ಲರಿಗೂ ಗೊತ್ತು. ಆದರೆ ಅದನ್ನು ಸಮರ್ಥಿಸಲು ಅವನು ಕೊಡುವ ಸಾಕ್ಷ್ಯ ಕಾಡಿನದಲ್ಲ, ಮನೆಯದು. ಪ್ರಯಾಣಕ್ಕೆ ಹೊರಡುವಾಗ ನೀನು ಆಯುಧ ಇಟ್ಟುಕೊಳ್ಳುತ್ತೀಯ, ಮಲಗುವಾಗ ಬಾಗಿಲಿಗೆ ಅಗುಳಿ ಹಾಕುತ್ತೀಯ, ಮನೆಯೊಳಗೇ ಪೆಟ್ಟಿಗೆಗೆ ಬೀಗ ಹಾಕುತ್ತೀಯ. ಕಾನೂನೂ ಕಾವಲುಗಾರರೂ ಇರುವಾಗಲೇ ಹೀಗೆ ಮಾಡುವ ನಿನಗೆ ನಿನ್ನ ಮಕ್ಕಳ ಮತ್ತು ಸೇವಕರ ಬಗ್ಗೆ ಯಾವ ಅಭಿಪ್ರಾಯವಿದೆ ಎಂದು ಅವನು ಓದುಗನನ್ನೇ ಕೇಳುತ್ತಾನೆ. ನಾನು ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ನನ್ನ ಮೇಜಿನ ಖಾನೆಯ ಕಡೆ ನೋಡಿದೆ. ಬೀಗ ಇತ್ತು.

ನಮ್ಮ ಪರಂಪರೆಯಲ್ಲಿ ಇದಕ್ಕೆ ಮಾತ್ಸ್ಯನ್ಯಾಯ ಎಂಬ ಹೆಸರಿದೆ. ದಂಡವಿಲ್ಲದ ಕಡೆ ದೊಡ್ಡ ಮೀನು ಸಣ್ಣದನ್ನು ನುಂಗುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಹೀಗೆ ಬೇಸತ್ತ ಜನ ತಮಗೊಬ್ಬ ಒಡೆಯ ಬೇಕೆಂದು ಬ್ರಹ್ಮನಲ್ಲಿ ಕೇಳುತ್ತಾರೆ. ಬ್ರಹ್ಮ ಮನುವನ್ನು ತೋರಿಸುತ್ತಾನೆ. ಸ್ವಾರಸ್ಯವೆಂದರೆ, ಮನು ಒಪ್ಪುವುದಿಲ್ಲ. ಕ್ರೂರ ಕರ್ಮಕ್ಕೆ ನಾನು ಹೆದರುತ್ತೇನೆ, ರಾಜ್ಯಭಾರ ಬಲು ಕಷ್ಟ, ಸುಳ್ಳಿನ ನಡತೆಯ ಮನುಷ್ಯರ ನಡುವೆಯಂತೂ ಇನ್ನೂ ಕಷ್ಟ ಎನ್ನುತ್ತಾನೆ. ಆಗ ಜನ, ಪಾಪ ಮಾಡಿದವರಿಗೇ ಅಂಟಲಿ ಎಂದು ಧೈರ್ಯ ಹೇಳಿ, ಪಶುಗಳಲ್ಲೂ ಚಿನ್ನದಲ್ಲೂ ಐವತ್ತರಲ್ಲೊಂದು ಪಾಲು, ಧಾನ್ಯದಲ್ಲಿ ಹತ್ತರಲ್ಲೊಂದು ಪಾಲು ಕೊಡುವುದಾಗಿ ಮಾತು ಕೊಡುತ್ತಾರೆ. ಹಾಬ್ಸನ ಕಥೆಯಲ್ಲಿ ಜನ ಮಾತ್ರ ಹೆದರಿದ್ದಾರೆ, ಇಲ್ಲಿ ಆಳುವವನೂ ಹೆದರಿದ್ದಾನೆ. ಆದರೆ ಈ ಕಥೆಯಲ್ಲಿ ‘ಹಕ್ಕು’ ಎಂಬ ಮಾತಿಲ್ಲ. ಪಾಲು ಇದೆ, ಕರ್ತವ್ಯ ಇದೆ, ಭಯ ಇದೆ. ಹಾಬ್ಸ್ ಮಾಡಿದ ಹೊಸ ಕೆಲಸ ಅದೇ: ಹಕ್ಕು ಎಂದರೆ ಸ್ವಾತಂತ್ರ್ಯ, ಕಾನೂನು ಎಂದರೆ ಕಟ್ಟು, ಎರಡೂ ಒಂದಕ್ಕೊಂದು ವಿರುದ್ಧ ಎಂದು ಅವನು ಸ್ಪಷ್ಟವಾಗಿ ಬೇರ್ಪಡಿಸಿದ. ಪೂರ್ಣಾಧಿಕಾರವನ್ನು ಕಟ್ಟಿ ನಿಲ್ಲಿಸಿದ ಮೇಲೂ ಅವನ ಪುಸ್ತಕದಲ್ಲಿ ಒಂದು ಬಿರುಕು ಉಳಿದಿದೆ. ನ್ಯಾಯವಾಗಿಯೇ ಮರಣದಂಡನೆಗೆ ಒಳಗಾದವನು ಕೂಡ ತನ್ನನ್ನು ಕೊಲ್ಲಲು ಬಂದವರನ್ನು ಎದುರಿಸಬಹುದು, ಆ ಹಕ್ಕನ್ನು ಯಾರೂ ಯಾರಿಗೂ ಒಪ್ಪಿಸಲಾರರು ಎನ್ನುತ್ತಾನೆ ಹಾಬ್ಸ್. ನನ್ನ ಸ್ನೇಹಿತರ ‘ತೋರಿಸಿ’ ಎಂಬ ಪ್ರಶ್ನೆಗೆ ಹಾಬ್ಸನ ಬಳಿ ಉತ್ತರವಿತ್ತು ಎಂದಾಯಿತು: ಕತ್ತಿ ಎದುರಾದಾಗ ತಾನಾಗಿ ಮೇಲೇಳುವ ಕೈ.

ಹಾಬ್ಸನ ಪುಸ್ತಕಕ್ಕೂ ನಾಲ್ಕು ವರ್ಷ ಮೊದಲು, ಈ ಎಲ್ಲ ವಾದಗಳ ಬೀಜ ಒಂದೇ ಕೋಣೆಯಲ್ಲಿ ಚೆಲ್ಲಿತ್ತು. 1647ರ ಅಕ್ಟೋಬರ್ ಕೊನೆಯಲ್ಲಿ, ಅರಸನ ಸೈನ್ಯವನ್ನು ಸೋಲಿಸಿದ ಸಂಸತ್ತಿನ ಸೈನ್ಯದ ಅಧಿಕಾರಿಗಳೂ ಸೈನಿಕರ ಪ್ರತಿನಿಧಿಗಳೂ ಲಂಡನ್ನಿನ ಪಕ್ಕದ ಪಟ್ನಿಯಲ್ಲಿ ಸೇರಿ, ಮುಂದಿನ ಸರ್ಕಾರ ಹೇಗಿರಬೇಕೆಂದು ಚರ್ಚಿಸಿದರು. ಅಧ್ಯಕ್ಷತೆ ಆ ಸೈನ್ಯದ ನಾಯಕರಲ್ಲೊಬ್ಬನಾದ ಆಲಿವರ್ ಕ್ರಾಮ್ವೆಲ್‌ನದು. ವಿಲಿಯಂ ಕ್ಲಾರ್ಕ್ ಎಂಬ ಕಾರ್ಯದರ್ಶಿ ಶೀಘ್ರಲಿಪಿಯಲ್ಲಿ ಮಾತುಗಳನ್ನು ಬರೆದುಕೊಂಡ. ಆ ಬರಹ ಅಚ್ಚಿಗೆ ಬರಲು ಇನ್ನೂರ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನನ್ನ ಮಟ್ಟಿಗೆ ರಾಜಕೀಯ ತತ್ತ್ವದಲ್ಲಿ ಇಷ್ಟು ಜೀವಂತವಾದ ದಾಖಲೆ ಇನ್ನೊಂದಿಲ್ಲ, ಏಕೆಂದರೆ ಇಲ್ಲಿ ಯಾರೂ ಪುಸ್ತಕ ಬರೆಯುತ್ತಿರಲಿಲ್ಲ.

ಮತದಾನ ಯಾರಿಗೆ ಎಂಬುದು ಪ್ರಶ್ನೆ. ಕರ್ನಲ್ ಥಾಮಸ್ ರೇನ್ಸ್‌ಬರೋ ಎದ್ದು, ಇಂಗ್ಲೆಂಡಿನಲ್ಲಿರುವ ಕಡುಬಡವನಿಗೂ ಅತಿ ದೊಡ್ಡವನಿಗಿರುವಂತೆಯೇ ಬಾಳಲೊಂದು ಬಾಳಿದೆ, ಆದುದರಿಂದ ಒಂದು ಸರ್ಕಾರದ ಕೆಳಗೆ ಬಾಳಬೇಕಾದ ಪ್ರತಿಯೊಬ್ಬನೂ ಮೊದಲು ತನ್ನ ಒಪ್ಪಿಗೆಯಿಂದಲೇ ಆ ಸರ್ಕಾರದ ಕೆಳಗೆ ಬರಬೇಕು ಎಂದ. ಅವನಿಗೆ ಉತ್ತರ ಕೊಟ್ಟವನು ಕ್ರಾಮ್ವೆಲ್‌ನ ಅಳಿಯ ಹೆನ್ರಿ ಐರ್ಟನ್. ದೇಶದಲ್ಲಿ ಸ್ಥಿರವಾದ ಆಸ್ತಿಪಾಸ್ತಿಯ ಹಿತಾಸಕ್ತಿ ಇಲ್ಲದವನಿಗೆ ದೇಶದ ವ್ಯವಹಾರದಲ್ಲಿ ಪಾಲಿಲ್ಲ ಎಂದು ಅವನು ಹೇಳಿದ್ದನ್ನು ಎಲ್ಲರೂ ಎತ್ತಿಹೇಳುತ್ತಾರೆ. ಅವನ ಇನ್ನೊಂದು ಮಾತು ಹೆಚ್ಚು ಚೂಪಾದದ್ದು. ನೀವು ಕಾನೂನನ್ನು ಬಿಟ್ಟು ಸಹಜ ಹಕ್ಕಿನ ಆಧಾರದ ಮೇಲೆ ಮತ ಕೇಳುತ್ತೀರಿ. ಅದೇ ಸಹಜ ಹಕ್ಕಿನಿಂದ ಒಬ್ಬನು ತನ್ನ ಜೀವಧಾರಣೆಗಾಗಿ ಇನ್ನೊಬ್ಬನ ಅನ್ನವನ್ನೂ ಬಟ್ಟೆಯನ್ನೂ ನೆಲವನ್ನೂ ಏಕೆ ತೆಗೆದುಕೊಳ್ಳಬಾರದು, ನೀವು ಎಲ್ಲಿ ನಿಲ್ಲುತ್ತೀರಿ ತೋರಿಸಿ ಎಂದು ಅವನು ಮತ್ತೆ ಮತ್ತೆ ಕೇಳಿದ. ರೇನ್ಸ್‌ಬರೋ ಕಳ್ಳತನ ಮಾಡಬೇಡ ಎಂಬ ದೇವರ ಆಜ್ಞೆಯ ಮೊರೆ ಹೊಕ್ಕ. ಆ ಉತ್ತರ ದುರ್ಬಲವಾದದ್ದು. ಆಮೇಲೆ ಸೈನಿಕರ ಪ್ರತಿನಿಧಿ ಎಡ್ವರ್ಡ್ ಸೆಕ್ಸ್‌ಬಿ ಸಿಡಿದು, ಆಸ್ತಿಯಿಲ್ಲದ ಸಾವಿರಾರು ಜನ ನಾವು ನಮ್ಮ ಜನ್ಮಸಿದ್ಧ ಹಕ್ಕಿಗಾಗಿ ಪ್ರಾಣ ಒತ್ತೆಯಿಟ್ಟು ಹೋರಾಡಿದೆವು, ಈಗ ಆಸ್ತಿ ಇಲ್ಲದವನಿಗೆ ಹಕ್ಕೂ ಇಲ್ಲವೆನ್ನುತ್ತೀರಿ, ಹಾಗಾದರೆ ನಾವು ಬರಿಯ ಕೂಲಿ ಸೈನಿಕರಾಗಿದ್ದೆವೇ ಎಂದು ಕೇಳಿದ.

ಐರ್ಟನ್‌ನನ್ನು ನಾನು ಹಿಂದೆ ಸಿರಿವಂತರ ವಕೀಲನೆಂದು ಬದಿಗಿಟ್ಟಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಸಹಜ ಹಕ್ಕಿನ ತರ್ಕ ಎಲ್ಲಿ ನಿಲ್ಲುತ್ತದೆ ಎಂಬ ಅವನ ಪ್ರಶ್ನೆಗೆ ಪಟ್ನಿಯಲ್ಲಿ ಯಾರೂ ಸರಿಯಾದ ಉತ್ತರ ಕೊಡಲಿಲ್ಲ, ಮತ್ತು ಲಾಕ್‌ನ ಎರಡನೆಯ ಪ್ರಬಂಧದಲ್ಲಿ ಆಸ್ತಿಯ ಕುರಿತಿರುವ ಪ್ರಸಿದ್ಧ ಐದನೆಯ ಅಧ್ಯಾಯವನ್ನು ಆ ಪ್ರಶ್ನೆಗೆ ತಡವಾಗಿ ಬಂದ ಉತ್ತರವೆಂದೇ ಓದಬಹುದು. ಭೂಮಿ ಎಲ್ಲರಿಗೂ ಸೇರಿದ್ದು, ಆದರೆ ನನ್ನ ದೇಹ ನನ್ನದು, ದೇಹದ ದುಡಿಮೆ ನನ್ನದು, ದುಡಿಮೆಯನ್ನು ಯಾವುದರೊಂದಿಗೆ ಬೆರೆಸಿದೆನೋ ಅದೂ ನನ್ನದು. ಇತರರಿಗೆ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿದ್ದರೆ ಆಯಿತು. ಹೀಗೆ ಆಸ್ತಿಯೇ ಸಹಜ ಹಕ್ಕಾಗಿಬಿಟ್ಟರೆ, ಸಹಜ ಹಕ್ಕು ಆಸ್ತಿಯನ್ನು ನುಂಗುತ್ತದೆಂಬ ಐರ್ಟನ್‌ನ ಭಯ ಮಾಯವಾಗುತ್ತದೆ. ಜಾಣತನದ ನಡೆ. ಆದರೆ ಆ ಅಧ್ಯಾಯದ ಒಂದು ವಾಕ್ಯದ ಮುಂದೆ ನಾನು ಯಾವಾಗಲೂ ನಿಂತುಬಿಡುತ್ತೇನೆ: ‘ನನ್ನ ಕುದುರೆ ಮೇಯ್ದ ಹುಲ್ಲು, ನನ್ನ ಸೇವಕ ಕಡಿದ ಮಣ್ಣಿನ ಹೆಂಟೆ, ನಾನು ಅಗೆದ ಅದಿರು’ ಇವೆಲ್ಲ ಯಾರ ಒಪ್ಪಿಗೆಯೂ ಇಲ್ಲದೆ ನನ್ನ ಸೊತ್ತಾಗುತ್ತವೆ. ದುಡಿದವನದೇ ಫಲ ಎಂದು ಆರಂಭಿಸಿದವನು ಒಂದೇ ಪುಟ ಕಳೆಯುವುದರೊಳಗೆ ಸೇವಕನ ದುಡಿಮೆಯನ್ನು ಕುದುರೆಯ ಪಕ್ಕದಲ್ಲಿ ಇಟ್ಟು ಯಜಮಾನನ ಲೆಕ್ಕಕ್ಕೆ ಬರೆದಿದ್ದಾನೆ. ಅವನಿಗೆ ಇದು ವಿರೋಧಾಭಾಸವಾಗಿ ಕಾಣಲೇ ಇಲ್ಲ. ಲಾಕ್ ಕ್ಯಾರೊಲೈನಾ ವಸಾಹತಿನ ಒಡೆಯರಿಗೆ ಕಾರ್ಯದರ್ಶಿಯಾಗಿದ್ದ; ಆ ವಸಾಹತಿನ 1669ರ ಶಾಸನ ಪ್ರತಿಯೊಬ್ಬ ಸ್ವತಂತ್ರ ಮನುಷ್ಯನಿಗೂ ಅವನ ಕರಿಯ ಗುಲಾಮರ ಮೇಲೆ ಪೂರ್ಣಾಧಿಕಾರ ಕೊಟ್ಟಿತ್ತು. ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಅವನು ಹಣ ಹೂಡಿದ್ದ.

ಇದನ್ನು ಹೇಳಿ ಲಾಕ್‌ನನ್ನು ಮುಗಿಸಿಬಿಡಬಹುದು ಎಂದು ನಂಬುವವರ ಸಾಲಿನಲ್ಲಿ ನಾನಿಲ್ಲ. ಆ ಒಂದು ಅಧ್ಯಾಯದಿಂದಲೇ ಮುಂದೆ ಎರಡು ದಾರಿಗಳು ಕವಲೊಡೆದವು ಎಂಬುದು ನನಗೆ ಹೆಚ್ಚು ಮುಖ್ಯ. ಕ್ರಾಂತಿಗಳ ಪರ ಬರೆದ ಥಾಮಸ್ ಪೇನ್ 1797ರಲ್ಲಿ, ಭೂಮಿ ಮೂಲತಃ ಎಲ್ಲರದಾಗಿದ್ದರೆ ಅದನ್ನು ಬೇಲಿ ಹಾಕಿಕೊಂಡವರು ಉಳಿದವರಿಗೆ ಬಾಕಿದಾರರು ಎಂದು ವಾದಿಸಿ, ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರಿಗೂ 15 ಪೌಂಡ್, ಐವತ್ತು ದಾಟಿದವರಿಗೆ ವರ್ಷಕ್ಕೆ 10 ಪೌಂಡ್ ಕೊಡುವ ನಿಧಿಯ ಲೆಕ್ಕ ಹಾಕಿದ; ಇದು ದಾನವಲ್ಲ, ಹಕ್ಕು ಎಂದು ಒತ್ತಿ ಹೇಳಿದ. 1974ರಲ್ಲಿ ಅಮೆರಿಕದ ತತ್ತ್ವಜ್ಞ ರಾಬರ್ಟ್ ನೋಝಿಕ್ ಅದೇ ಲಾಕ್‌ನಿಂದ ಹೊರಟು, ಒಬ್ಬನ ದುಡಿಮೆಯ ಗಳಿಕೆಯ ಮೇಲಿನ ತೆರಿಗೆ ಬಿಟ್ಟಿ ದುಡಿಮೆಗೆ ಸಮಾನ ಎಂಬಲ್ಲಿಗೆ ಬಂದ. ಸ್ವಾರಸ್ಯವೆಂದರೆ, ಒಂದು ಡಬ್ಬಿ ಟೊಮೇಟೊ ರಸವನ್ನು ಸಮುದ್ರಕ್ಕೆ ಸುರಿದು ಬೆರೆಸಿದರೆ ಸಮುದ್ರ ನನ್ನದಾಗುತ್ತದೆಯೇ, ಇಲ್ಲ ನನ್ನ ರಸ ದಂಡವಾಗುತ್ತದೆಯೇ ಎಂದು ಲಾಕ್‌ನ ಬೆರೆಸುವ ವಾದವನ್ನು ಕುಟುಕಿದವನೂ ಅವನೇ. ತೆರಿಗೆಯ ಬಗ್ಗೆ ಇಂದು ಎದುರುಬದುರು ನಿಂತು ಕೂಗಾಡುವ ಇಬ್ಬರೂ ಒಂದೇ ಅಜ್ಜನ ಮೊಮ್ಮಕ್ಕಳಾಗಿರುವುದು ಅಪರೂಪವೇನಲ್ಲ.

ಒಪ್ಪಿಗೆಯ ಕಥೆಯನ್ನು ಅತ್ಯಂತ ಚೊಕ್ಕವಾಗಿ ಮುರಿದವನು ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮ್. ದೇಶದಲ್ಲಿ ವಾಸವಿರುವುದೇ ಮೌನ ಸಮ್ಮತಿ ಎನ್ನುವವರಿಗೆ 1748ರಲ್ಲಿ ಅವನು ಕೊಟ್ಟ ಚಿತ್ರ ಇದು: ನಿದ್ದೆಯಲ್ಲಿದ್ದವನನ್ನು ಹೊತ್ತು ಹಡಗಿಗೆ ಹಾಕಿದ್ದಾರೆ, ಎದ್ದು ನೋಡಿದರೆ ಸುತ್ತ ಕಡಲು, ಹಡಗಿನಿಂದ ಇಳಿದರೆ ಸಾವು, ಅವನು ಹಡಗಿನಲ್ಲೇ ಉಳಿದದ್ದರಿಂದ ನಾಯಕನ ಆಳ್ವಿಕೆಗೆ ಸ್ವಇಚ್ಛೆಯಿಂದ ಒಪ್ಪಿದ್ದಾನೆ ಎನ್ನಬಹುದೇ? ಪರಭಾಷೆ ಬಾರದ, ಅಂದಿನ ಕೂಲಿ ಅಂದಿಗೇ ಮುಗಿಯುವ ಬಡವನಿಗೆ ದೇಶ ಬಿಡುವ ಆಯ್ಕೆ ಎಲ್ಲಿದೆ ಎಂದೂ ಅವನು ಕೇಳುತ್ತಾನೆ. ಹಾಗೆಂದು ಹ್ಯೂಮ್ ಬಂಡಾಯಗಾರನಲ್ಲ. ಸರ್ಕಾರಕ್ಕೆ ನಾವು ತಲೆಬಾಗುವುದು ಅಭ್ಯಾಸದಿಂದ, ಅನುಕೂಲದಿಂದ, ಅಷ್ಟೇ ಸಾಕು ಎಂಬುದು ಅವನ ನಿಲುವು. ಫ್ರೆಂಚಿನಲ್ಲಿ ಬರೆದ ಚಿಂತಕ ರೂಸೋ 1755ರಲ್ಲಿ, ಒಂದು ತುಂಡು ನೆಲಕ್ಕೆ ಬೇಲಿ ಹಾಕಿ ‘ಇದು ನನ್ನದು’ ಎಂದವನನ್ನೂ ಅದನ್ನು ನಂಬುವಷ್ಟು ಮುಗ್ಧರಾದವರನ್ನೂ ಎಲ್ಲ ಕೇಡಿನ ಆರಂಭಕ್ಕೆ ತಂದು ನಿಲ್ಲಿಸಿದ. 1762ರಲ್ಲಿ ಅವನೇ, ಸಾರ್ವತ್ರಿಕ ಇಚ್ಛೆಗೆ, ಎಂದರೆ ಎಲ್ಲರ ಸಮಾನ ಹಿತವನ್ನು ಬಯಸುವ ಸಮುದಾಯದ ಇಚ್ಛೆಗೆ, ಮಣಿಯದವನನ್ನು ಸ್ವತಂತ್ರನಾಗುವಂತೆ ಬಲವಂತಪಡಿಸಬೇಕು ಎಂದ. ಆ ವಾಕ್ಯವನ್ನು ಎಷ್ಟೇ ಸಹಾನುಭೂತಿಯಿಂದ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಇಷ್ಟು ಹೊತ್ತಿಗೆ ನನ್ನ ಸ್ನೇಹಿತರ ಪಕ್ಷದ ದೊಡ್ಡ ವಕೀಲರು ಬರುತ್ತಾರೆ. ಫ್ರೆಂಚ್ ರಾಷ್ಟ್ರೀಯ ಸಭೆ 1789ರ ಆಗಸ್ಟ್ 26ರಂದು ಮನುಷ್ಯನ ಮತ್ತು ನಾಗರಿಕನ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದ ಮೇಲೆ, ಅತಿ ಹೆಚ್ಚು ಜನರ ಅತಿ ಹೆಚ್ಚು ಸುಖವೇ ಸರಿತಪ್ಪುಗಳ ಅಳತೆ ಎಂದ ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಮ್ ಅದರ ಒಂದೊಂದು ವಿಧಿಯನ್ನೂ ಎತ್ತಿಕೊಂಡು ಚಿಂದಿ ಮಾಡಿದ. ಹಕ್ಕು ಕಾನೂನಿನ ಶಿಶು. ಸಹಜ ಹಕ್ಕೆಂಬುದು ಅಸಂಬದ್ಧ ಮಾತು, ಕಸಿದುಕೊಳ್ಳಲಾಗದ ಸಹಜ ಹಕ್ಕೆಂಬುದು ಮರಗಾಲು ಕಟ್ಟಿಕೊಂಡ ಅಸಂಬದ್ಧ ಮಾತು. ಅದೇ ಬರಹದಲ್ಲಿ ಅವನ ಇನ್ನೊಂದು ಸಾಲಿದೆ: ಹಕ್ಕುಗಳಿದ್ದರೆ ಚೆನ್ನಾಗಿತ್ತು ಎಂದು ಬಯಸಲು ಕಾರಣಗಳಿರುವುದೇ ಹಕ್ಕುಗಳಿರುವುದಕ್ಕೆ ಸಮವಲ್ಲ, ಹಸಿವೆಂಬುದು ರೊಟ್ಟಿಯಲ್ಲ. ಇದನ್ನು ಓದಿದಾಗ ನನ್ನ ವ್ಯಾಕರಣದ ವಾದವನ್ನು ಯಾರೋ ಇನ್ನೂರು ವರ್ಷಗಳ ಹಿಂದೆಯೇ ಕೇಳಿಸಿಕೊಂಡು ಉತ್ತರಿಸಿದಂತಾಯಿತು. ‘ನನಗೆ ಹಸಿವಿದೆ’ ಎನ್ನುವುದಕ್ಕೆ ಯಾರ ಅಪ್ಪಣೆಯೂ ಬೇಡ, ಸರಿ. ಆದರೆ ಹೊಟ್ಟೆ ತುಂಬಿಸುವುದು ಯಾರೋ ಬೆಳೆದು, ಯಾರೋ ಬೇಯಿಸಿ, ಯಾರೋ ಬಡಿಸಿದ್ದು.

ಬ್ರಿಟಿಷ್ ಸಂಸದ ಎಡ್ಮಂಡ್ ಬರ್ಕ್ ಕೂಡ 1790ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ. ಆಹಾರಕ್ಕೂ ಔಷಧಕ್ಕೂ ಮನುಷ್ಯನಿಗಿರುವ ಅಮೂರ್ತ ಹಕ್ಕನ್ನು ಚರ್ಚಿಸಿ ಏನು ಪ್ರಯೋಜನ, ಅವುಗಳನ್ನು ಒದಗಿಸುವ ಬಗೆಯೇ ಪ್ರಶ್ನೆ. ಅದಕ್ಕೆ ರೈತನನ್ನೂ ವೈದ್ಯನನ್ನೂ ಕರೆಯಿರಿ, ತತ್ತ್ವಶಾಸ್ತ್ರದ ಪ್ರಾಧ್ಯಾಪಕನನ್ನಲ್ಲ. ಅಮೂರ್ತ ಹಕ್ಕುಗಳು ಸಾಮಾನ್ಯ ಬದುಕಿನೊಳಗೆ ಬಂದಾಗ, ದಟ್ಟ ಮಾಧ್ಯಮಕ್ಕೆ ಹೊಕ್ಕ ಬೆಳಕಿನ ಕಿರಣದಂತೆ ಬಾಗುತ್ತವೆ ಎಂಬ ಅವನ ಹೋಲಿಕೆ ನನಗೆ ತುಂಬ ಇಷ್ಟ. ಆದರೆ ಬರ್ಕನನ್ನು ಸಂಪ್ರದಾಯದ ಕಾವಲುಗಾರನೆಂದು ಮಾತ್ರ ಬಲ್ಲವರು ಅವನ ಬದುಕಿನ ಇನ್ನೊಂದು ಮಗ್ಗುಲನ್ನು ಮರೆಯುತ್ತಾರೆ. 1788ರಲ್ಲಿ, ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಮೇಲಿನ ದೋಷಾರೋಪಣೆಯನ್ನು ಮಂಡಿಸುತ್ತಾ, ಭಾರತದಲ್ಲಿ ಆಡಳಿತಕ್ಕೆ ಬೇರೆಯೇ ನೀತಿ ಎಂಬ ‘ಭೌಗೋಳಿಕ ನೈತಿಕತೆ’ಯನ್ನು ಬರ್ಕ್ ಧಿಕ್ಕರಿಸಿದ, ಯಾವ ಮನುಷ್ಯನಿಗೂ ಮನಬಂದಂತೆ ಆಳುವ ಅಧಿಕಾರವನ್ನು ಯಾರೂ ಕೊಡಲಾರರು, ನೀತಿಯ ನಿಯಮಗಳು ಎಲ್ಲೆಡೆ ಒಂದೇ ಎಂದ. ಪ್ಯಾರಿಸ್ಸಿನ ವಕೀಲರು ಹೇಳಿದಾಗ ಅಮೂರ್ತವೆನಿಸಿದ್ದು ಬಂಗಾಳದ ರೈತನ ಪರವಾಗಿ ತಾನು ಹೇಳುವಾಗ ಶಾಶ್ವತ ನಿಯಮವಾಯಿತು. ಇದನ್ನು ನಾನು ಆಷಾಢಭೂತಿತನವೆನ್ನುವುದಿಲ್ಲ. ಹಕ್ಕುಗಳು ಪರಂಪರೆಯಿಂದ, ಆಚಾರದಿಂದ ಬೆಳೆದು ಬರುತ್ತವೆ ಎನ್ನುವವನು ಕೂಡ, ಆ ಪರಂಪರೆಯ ಬೇಲಿಯ ಹೊರಗೆ ನಿಂತವನ ನೋವನ್ನು ಕಂಡಾಗ ಬೇಲಿಗಿಂತ ಹಳೆಯದಾದ ಯಾವುದನ್ನೋ ಹುಡುಕಬೇಕಾಗುತ್ತದೆ, ಬರ್ಕ್ ಹುಡುಕಿದ.

ಬೆಂಥಮ್ ಗಮನಿಸದೆ ಬಿಟ್ಟದ್ದೂ ಇದನ್ನೇ ಎಂದು ನನ್ನ ಎಣಿಕೆ. 1789ರ ಘೋಷಣೆ ಮನುಷ್ಯನ ಹಕ್ಕುಗಳು ಎಂದಿತು. ಎರಡೇ ವರ್ಷಗಳಲ್ಲಿ ಒಲಾಂಪ್ ದ ಗೂಜ್ ಎಂಬ ಲೇಖಕಿ ಅದೇ ಧಾಟಿಯಲ್ಲಿ ಹೆಣ್ಣಿನ ಹಕ್ಕುಗಳ ಘೋಷಣೆಯನ್ನು ಬರೆದು, ವಧಾವೇದಿಕೆಯನ್ನು ಏರುವ ಹಕ್ಕು ಹೆಣ್ಣಿಗೆ ಇದ್ದ ಮೇಲೆ ಭಾಷಣ ವೇದಿಕೆಯನ್ನು ಏರುವ ಹಕ್ಕೂ ಇರಬೇಕು ಎಂದಳು. 1793ರ ನವೆಂಬರ್ 3ರಂದು ಮೊದಲನೆಯ ವೇದಿಕೆಯನ್ನು ಅವಳಿಗೆ ಕೊಟ್ಟರು. ಫ್ರಾನ್ಸಿನ ಕಬ್ಬಿನ ವಸಾಹತಾಗಿದ್ದ ಸಾಂ ದೊಮಾಂಗ್‌ನ ಗುಲಾಮರು 1791ರ ಆಗಸ್ಟ್‌ನಲ್ಲಿ ದಂಗೆ ಎದ್ದರು. 1794ರ ಫೆಬ್ರುವರಿ 4ರಂದು ಪ್ಯಾರಿಸ್ಸಿನ ಸಭೆ ಗುಲಾಮಗಿರಿಯನ್ನು ರದ್ದು ಮಾಡಿತು. 1802ರಲ್ಲಿ ನೆಪೋಲಿಯನ್ ಅದನ್ನು ವಸಾಹತುಗಳಲ್ಲಿ ಮತ್ತೆ ಕಾನೂನುಬದ್ಧಗೊಳಿಸಿದ. ಹಕ್ಕು ಕಾನೂನಿನ ಶಿಶು ಎಂಬುದಾದರೆ, 1791ರಲ್ಲಿ ದಂಗೆ ಎದ್ದವರಿಗೆ ಹಕ್ಕಿರಲಿಲ್ಲ, 1794ರಲ್ಲಿ ಬಂತು, 1802ರಲ್ಲಿ ಹೋಯಿತು ಎಂದು ಲೆಕ್ಕ ಬರೆಯಬೇಕಾಗುತ್ತದೆ. ಆ ಲೆಕ್ಕದಲ್ಲಿ ತಪ್ಪಿಲ್ಲದಿರಬಹುದು. ಆದರೆ 1802ರಲ್ಲಿ ಆದದ್ದು ಕಾನೂನಿನ ಬದಲಾವಣೆಯಲ್ಲ, ಅನ್ಯಾಯ ಎಂದು ಹೇಳಲು ಆ ಲೆಕ್ಕದ ಪುಸ್ತಕದಲ್ಲಿ ಹಕ್ಕಿನ ಭಾಷೆ ಉಳಿಯುವುದಿಲ್ಲ. ಸುಖದುಃಖಗಳ ಒಟ್ಟು ಮೊತ್ತದ ಭಾಷೆಯಲ್ಲಿ ಹೇಳಬಹುದು ಎಂದು ಬೆಂಥಮ್ ಉತ್ತರಿಸುತ್ತಿದ್ದ. ಬೆನ್ನಿನ ಮೇಲೆ ಬಾಸುಂಡೆ ಇರುವವನು ಮೊತ್ತಕ್ಕಾಗಿ ಕಾಯುವುದಿಲ್ಲ.

ಹಾಗಾಗಿ ನಾನು ಆರಂಭದಲ್ಲಿ ನಿಂತಿದ್ದ ಜಾಗದಲ್ಲಿ ಈಗ ಪೂರ್ತಿಯಾಗಿ ಇಲ್ಲ. ಹಕ್ಕು ಹಸಿವಿನಂತೆ ತಾನಾಗಿ ಇದೆ ಎಂದು ಈಗ ಬರೆಯಲಾರೆ. ಹಸಿವು ಒಂಟಿಯಾಗಿದ್ದವನಿಗೂ ಆಗುತ್ತದೆ, ಹಕ್ಕಿಗೆ ಎದುರಿಗೊಬ್ಬ ಮನುಷ್ಯ ಬೇಕು. ಅದು ಸರ್ಕಾರದ ಉಗ್ರಾಣದಿಂದ ಬರುವ ಪಡಿಯೂ ಅಲ್ಲ. ಪಟ್ನಿಯಲ್ಲಿ ಸೆಕ್ಸ್‌ಬಿ ಎದ್ದು ನಿಂತಾಗ ಯಾವ ಕಾನೂನೂ ಅವನ ಕಡೆಗಿರಲಿಲ್ಲ, ನಿಸರ್ಗದಲ್ಲಿ ಬೆರಳು ಮಾಡಿ ತೋರಿಸಲು ಅವನ ಬಳಿ ಏನೂ ಇರಲಿಲ್ಲ. ನನ್ನನ್ನೂ ಕೇಳಬೇಕು ಎಂಬ ಮಾತು ಮಾತ್ರ ಇತ್ತು. ಆ ಮಾತು ಯಾರದೋ ಬಾಯಿಂದ ಒಮ್ಮೆ ಹೊರಬಿದ್ದ ಮೇಲೆ, ಅದನ್ನು ಕೇಳಿಸಿಕೊಂಡವರು ಮೊದಲಿನಂತೆ ಆಳಲಾರರು. ‘ಸಹಜ’ ಎಂಬ ವಿಶೇಷಣ ನನಗೀಗ ಹಕ್ಕಿನ ಹುಟ್ಟೂರನ್ನು ಹೇಳುವ ಪದವಾಗಿ ಕಾಣುವುದಿಲ್ಲ. ಕಾನೂನು ಇಲ್ಲವೆಂದರೂ ಮಾತು ಮುಗಿಯಲಿಲ್ಲ ಎಂದು ಹೇಳುವ ಪದವಾಗಿ ಕಾಣುತ್ತದೆ. ಇದು ತೃಪ್ತಿಕರವಾದ ಸಿದ್ಧಾಂತವಲ್ಲ ಎಂದು ಬಲ್ಲೆ. ಐರ್ಟನ್ ಇದ್ದಿದ್ದರೆ, ಎಲ್ಲಿ ನಿಲ್ಲುತ್ತೀರಿ ತೋರಿಸಿ ಎಂದು ನನ್ನನ್ನೂ ಕೇಳುತ್ತಿದ್ದ.

ಇದೇ ಮುಜುಗರವನ್ನು 1948ರಲ್ಲಿ ಒಂದು ಇಡೀ ಸಮಿತಿ ಅನುಭವಿಸಿತು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ, ಮನುಷ್ಯರು ‘ನಿಸರ್ಗದಿಂದ’ ವಿವೇಕವನ್ನೂ ಅಂತಃಸಾಕ್ಷಿಯನ್ನೂ ಪಡೆದಿದ್ದಾರೆ ಎಂದಿತ್ತು. ನಿಸರ್ಗವೆಂದರೆ ಏನು ಎಂದು ಕೆಲವರು ಕೇಳಿದರು, ಅಲ್ಲಿ ದೇವರ ಹೆಸರು ಬರಬೇಕೆಂದು ಬೇರೆ ಕೆಲವರು ಒತ್ತಾಯಿಸಿದರು. ಕೊನೆಗೆ ‘ನಿಸರ್ಗದಿಂದ’ ಎಂಬ ಮಾತನ್ನೇ ತೆಗೆದು ಹಾಕಿದರು, ದೇವರನ್ನೂ ಸೇರಿಸಲಿಲ್ಲ. ವಾಕ್ಯ ಈಗಲೂ ಹಾಗೆಯೇ ಇದೆ: ಮನುಷ್ಯರಿಗೆ ವಿವೇಕ ಮತ್ತು ಅಂತಃಸಾಕ್ಷಿಗಳನ್ನು ಅನುಗ್ರಹಿಸಲಾಗಿದೆ, ಅನುಗ್ರಹಿಸಿದವರು ಯಾರೆಂದಿಲ್ಲ. ಕರ್ಮಣಿ ಪ್ರಯೋಗ ಅಪರೂಪಕ್ಕೆ ಒಂದು ಒಳ್ಳೆಯ ಕೆಲಸ ಮಾಡಿತು. ಡಿಸೆಂಬರ್ 10ರಂದು 48 ದೇಶಗಳು ಪರವಾಗಿ ಮತ ಹಾಕಿದವು, 8 ತಟಸ್ಥವಾಗಿ ಉಳಿದವು, ವಿರೋಧ ಮತ ಒಂದೂ ಬೀಳಲಿಲ್ಲ. ಪರಸ್ಪರ ವಿರುದ್ಧ ಸಿದ್ಧಾಂತಗಳವರು ಒಂದು ಪಟ್ಟಿಗೆ ಹೇಗೆ ಒಪ್ಪಿದರು ಎಂದು ಅಚ್ಚರಿಪಟ್ಟಾಗ ಬಂದ ಉತ್ತರವನ್ನು ಫ್ರೆಂಚ್ ತತ್ತ್ವಜ್ಞ ಜಾಕ್ ಮಾರಿತಾಂ ದಾಖಲಿಸಿದ್ದಾನೆ: ಹೌದು, ಹಕ್ಕುಗಳ ಬಗ್ಗೆ ನಾವು ಒಪ್ಪುತ್ತೇವೆ, ಏಕೆ ಎಂದು ಯಾರೂ ಕೇಳಬಾರದೆಂಬ ಷರತ್ತಿನ ಮೇಲೆ.

ನಾವಿಬ್ಬರೂ ಕೊನೆಗೆ ಅಂಥದ್ದೇ ಒಂದು ಕ್ರಿಯಾಪದವನ್ನು ಹುಡುಕಿಕೊಂಡೆವು. ‘ಕೊಡುತ್ತದೆ’ ಹೋಯಿತು, ‘ಇವೆ’ ಹೋಯಿತು, ‘ಸರ್ಕಾರವು ನಾಗರಿಕರ ಕೆಲವು ಮೂಲಭೂತ ಹಕ್ಕುಗಳನ್ನು ಗುರುತಿಸುತ್ತದೆ’ ಎಂದಾಯಿತು. ‘ಪ್ರಜೆ’ಯನ್ನು ‘ನಾಗರಿಕ’ ಮಾಡಿದ್ದಕ್ಕೆ ಅವರು ಏನೂ ಹೇಳಲಿಲ್ಲ. ಮೊದಲೇ ಇದ್ದುದನ್ನು ಮಾತ್ರ ಗುರುತಿಸಲು ಸಾಧ್ಯ ಎಂಬ ಸಮಾಧಾನ ನನಗೆ, ಗುರುತಿಸುವವರೆಗೆ ಅದಕ್ಕೆ ಬೆಲೆಯಿಲ್ಲ ಎಂಬ ಸಮಾಧಾನ ಅವರಿಗೆ. ಪುಟ ಅಚ್ಚಿಗೆ ಹೋಗುವ ಮುನ್ನ ಅವರು ಮತ್ತೊಮ್ಮೆ ಕರಡನ್ನು ತರಿಸಿಕೊಂಡಿದ್ದರಂತೆ. ಮರಳಿ ಬಂದ ಹಾಳೆಯಲ್ಲಿ ವಾಕ್ಯ ಹಾಗೆಯೇ ಇತ್ತು. ‘ಗುರುತಿಸುತ್ತದೆ’ ಎಂಬ ಪದದ ಕೆಳಗೆ ಮಾತ್ರ ಪೆನ್ಸಿಲ್ಲಿನ ಒಂದು ತೆಳುವಾದ ಗೆರೆಯಿತ್ತು, ಅಂಚಿನಲ್ಲಿ ಈ ಸಲ ಏನನ್ನೂ ಬರೆದಿರಲಿಲ್ಲ.